ವಂಶಾವಳಿ ಸಂಶೋಧನಾ ವರದಿ ಬರೆಯುವುದು ಹೇಗೆ: ದಾಖಲೆಯಿಂದ ತೀರ್ಮಾನದವರೆಗೆ

ಗೃಹಪ್ರವೇಶಕ್ಕೋ ಹಿರಿಯರ ಶಾಂತಿಗೋ ಹೋದಾಗ ಕೈಗಿಡುವ ವಂಶಾವಳಿ ಪುಸ್ತಿಕೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಮೂಲಪುರುಷನ ಹೆಸರು, ಅವನು ಎಲ್ಲಿಂದ ವಲಸೆ ಬಂದ ಎಂಬ ಕಥೆ, ಆಮೇಲೆ ಬಿಚ್ಚಿದರೆ ಮತ್ತೆ ಮಡಚಲು ಬಾರದ ಒಂದು ದೊಡ್ಡ ನಕ್ಷೆ. ನಾಲ್ಕನೇ ತಲೆಮಾರಿನ ಈ ಹೆಸರು ಎಲ್ಲಿ ಸಿಕ್ಕಿತು ಎಂದು ಕೇಳಿದರೆ "ದೊಡ್ಡಪ್ಪ ಹೇಳುತ್ತಿದ್ದರು" ಎನ್ನುತ್ತಾರೆ. ದೊಡ್ಡಪ್ಪನವರಿಗೆ ಯಾರು ಹೇಳಿದರು ಎಂಬುದು ಅವರೊಂದಿಗೇ ಹೋಗಿರುತ್ತದೆ. ಇಂಥ ಪುಸ್ತಿಕೆಯನ್ನು ನಂಬಬಹುದು ಅಥವಾ ಬಿಡಬಹುದು, ಪರೀಕ್ಷಿಸುವುದಕ್ಕಂತೂ ಆಗುವುದಿಲ್ಲ.

ಸಂಶೋಧನಾ ವರದಿ ಬೇರೆಯೇ ಜಾತಿಯದು. ನಿಮ್ಮ ಮುಖವನ್ನೇ ಕಾಣದ ಒಬ್ಬರು ಅದನ್ನು ಹಿಡಿದು ಅದೇ ಕಚೇರಿಗೆ ಹೋಗಿ, ಅದೇ ಪುಸ್ತಕದ ಅದೇ ಪುಟ ತೆರೆಸಿ, ನೀವು ಹೇಳಿದ್ದು ಸರಿಯೇ ಎಂದು ನೋಡುವಂತಿರಬೇಕು. ಮುಂದಿನ ಹಂತಗಳನ್ನು ಕರ್ನಾಟಕದ ಕಾಗದಪತ್ರಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಅದಕ್ಕೊಂದು ಕಾರಣವಿದೆ. ಅಮೆರಿಕ, ಬ್ರಿಟನ್ನಿನ ಮಾರ್ಗದರ್ಶಿಗಳು ಹಳೆಯ ಜನಗಣತಿಯ ಮನೆವಾರು ಹಾಳೆಗಳ ಮೇಲೆ ನಿಂತಿವೆ. ಭಾರತದಲ್ಲಿ 1948ರ ಜನಗಣತಿ ಕಾಯ್ದೆಯ ಪ್ರಕಾರ ವ್ಯಕ್ತಿವಾರು ವಿವರ ಗೋಪ್ಯ. ನಮಗೆ ಆಸರೆ ಭೂದಾಖಲೆ, ನೋಂದಾಯಿತ ಪತ್ರ, ಶಾಲೆಯ ದಾಖಲಾತಿ ಪುಸ್ತಕ, ನ್ಯಾಯಾಲಯದ ಕಡತ ಮತ್ತು ಮನುಷ್ಯರ ನೆನಪು.

ಹಂತ 1: ಪ್ರಶ್ನೆ ಒಂದೇ ಇರಲಿ

"ನಮ್ಮ ವಂಶದ ಇತಿಹಾಸ" ಎಂಬುದು ಪ್ರಶ್ನೆಯಲ್ಲ, ಬಯಕೆ. ವರದಿಗೆ ಬೇಕಾದದ್ದು ಉತ್ತರಿಸಬಹುದಾದ ಪ್ರಶ್ನೆ. ಈ ಲೇಖನದುದ್ದಕ್ಕೂ ಒಂದು ಕಲ್ಪಿತ ಕುಟುಂಬವನ್ನು ಮಾದರಿಯಾಗಿ ಇಟ್ಟುಕೊಳ್ಳೋಣ. ಹೆಸರು, ಸಂಖ್ಯೆ ಎಲ್ಲವೂ ಉದಾಹರಣೆಗಾಗಿ ಕಟ್ಟಿದವು. ಪ್ರಶ್ನೆ ಹೀಗಿದೆ: "1954ರಲ್ಲಿ ಇಂಥ ಊರಿನ ಸರ್ವೆ ನಂಬರ್ 48ರ ಖಾತೆದಾರನಾಗಿದ್ದ, ನನ್ನ ಮುತ್ತಜ್ಜ ತಿಮ್ಮೇಗೌಡರ ತಂದೆ ಯಾರು?" ವ್ಯಕ್ತಿ, ಊರು, ಕಾಲ, ಸಂಬಂಧ ನಾಲ್ಕೂ ಇದರಲ್ಲಿವೆ. ಸರ್ವೆ ನಂಬರ್ ಸೇರಿಸಿದ್ದಕ್ಕೂ ಕಾರಣವಿದೆ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಾಡಿನಲ್ಲಿ ಬರಿಯ ಹೆಸರು ಯಾರನ್ನೂ ಗುರುತಿಸುವುದಿಲ್ಲ. ಒಂದೇ ಬೀದಿಯಲ್ಲಿ ಮೂವರು ತಿಮ್ಮೇಗೌಡರು ಸಿಗುತ್ತಾರೆ.

ಹುಡುಕುವಾಗ ಅಡ್ಡದಾರಿಯಲ್ಲಿ ಸೊಗಸಾದ ಸಂಗತಿಗಳು ಎದುರಾಗುತ್ತವೆ: ಅಜ್ಜಿಯ ತವರಿನ ವ್ಯಾಜ್ಯ, ಯಾರೋ ಕೋಲಾರದ ಚಿನ್ನದ ಗಣಿಗೆ ಹೋದದ್ದು. ಅವನ್ನು ಬೇರೆ ಕಡತದಲ್ಲಿ ಬರೆದಿಡಿ. ಈ ವರದಿಯೊಳಗೆ ತುರುಕಬೇಡಿ.

ಹಂತ 2: ಮೊದಲ ಪುಟದಲ್ಲೇ ಉತ್ತರ

ಪತ್ತೇದಾರಿ ಕಾದಂಬರಿಯಂತೆ ಕೊನೆಯವರೆಗೆ ಗುಟ್ಟು ಕಾಯ್ದಿಡುವುದು ಬೇಡ. ಮೊದಲ ಪುಟದ ತಲೆಯಲ್ಲಿ ಶೀರ್ಷಿಕೆ, ಬರೆದವರ ಹೆಸರು, ಯಾರಿಗಾಗಿ ಬರೆದದ್ದು, ದಿನಾಂಕ ಇರಲಿ. ಅದರ ಕೆಳಗೆ ಪ್ರಶ್ನೆ, ಪ್ರಶ್ನೆಯ ಕೆಳಗೆ ನಾಲ್ಕೈದು ಸಾಲಿನಲ್ಲಿ ಉತ್ತರ. ಉತ್ತರ ಎಷ್ಟು ಗಟ್ಟಿ ಎಂಬುದನ್ನೂ ಅಲ್ಲೇ ಹೇಳಿ. ನಾನು ಮೂರು ಮಾತುಗಳನ್ನಷ್ಟೇ ಬಳಸುತ್ತೇನೆ: "ಖಚಿತ", "ಬಹುಮಟ್ಟಿಗೆ ಸರಿ", "ಸಾಧ್ಯ". ಈ ಮೂರರ ಅರ್ಥವನ್ನು ಒಮ್ಮೆ ವಿವರಿಸಿ, ವರದಿಯುದ್ದಕ್ಕೂ ಅದೇ ಅರ್ಥದಲ್ಲಿ ಬಳಸಬೇಕು. "ಇರಬಹುದು", "ಎನ್ನಲಾಗಿದೆ", "ಪ್ರತೀತಿ" ಎಂಬ ಮಾತುಗಳು ಮನಸ್ಸಿಗೆ ಬಂದಲ್ಲೆಲ್ಲ ನುಸುಳಿದರೆ ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ಓದುಗರಿಗೆ ತಿಳಿಯುವುದಿಲ್ಲ.

ಅದೇ ಪುಟದಲ್ಲಿ ಮಿತಿಯನ್ನೂ ಒಪ್ಪಿಕೊಳ್ಳಿ: ಯಾವ ಕಚೇರಿಗಳಲ್ಲಿ ನೋಡಿದ್ದೀರಿ, ಯಾವ ಅವಧಿಯ ದಾಖಲೆಗಳು, ಯಾವುದು ಬಾಕಿ.

ಹಂತ 3: ಆಧಾರವನ್ನು ಪುಟದವರೆಗೆ ಕೊಡಿ

ಹೆಚ್ಚಿನ ವರದಿಗಳು ಕುಸಿಯುವುದು ಇಲ್ಲೇ. "ತಾಲ್ಲೂಕು ಕಚೇರಿಯ ದಾಖಲೆ ಪ್ರಕಾರ" ಎಂದರೆ ಏನೂ ಹೇಳಿದಂತಾಗಲಿಲ್ಲ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕಟ್ಟುಗಟ್ಟಲೆ ಕಾಗದವಿರುತ್ತದೆ. ಒಂದೊಂದು ಬಗೆಯ ದಾಖಲೆಗೂ ಅದರದೇ ವಿಳಾಸ ಇರುತ್ತದೆ.

ಪಹಣಿಯಾದರೆ (ಜಮೀನಿನ ಹಕ್ಕು, ಸಾಗುವಳಿಗಳ ದಾಖಲೆ) ಗ್ರಾಮ, ಹೋಬಳಿ, ತಾಲ್ಲೂಕು, ಸರ್ವೆ ಮತ್ತು ಹಿಸ್ಸಾ (ಉಪವಿಭಾಗ) ನಂಬರ್, ಯಾವ ಸಾಲಿನದು, ಯಾವ ಕಲಂ ಎಂಬುದೆಲ್ಲ ಬೇಕು. ಕಲಮನ್ನು ಬಿಡಲೇಬಾರದು. 9ನೇ ಕಲಮಿನಲ್ಲಿರುವ ಹೆಸರು ಸ್ವಾಧೀನದಾರನದು, ಅಂದರೆ ಖಾತೆದಾರನದು, 12ನೇ ಕಲಮಿನಲ್ಲಿರುವುದು ಸಾಗುವಳಿದಾರನದು. ಗೇಣಿದಾರನನ್ನು ಮಾಲೀಕನೆಂದು ಓದಿ ಇಡೀ ಕವಲನ್ನೇ ಬೇರೆ ಮನೆಗೆ ಅಂಟಿಸಿದ ವಂಶಾವಳಿಗಳಿವೆ. 10ನೇ ಕಲಮಿನಲ್ಲಿ ಸಿಗುವ ಮ್ಯುಟೇಶನ್ (ಖಾತೆ ಬದಲಾವಣೆ) ಸಂಖ್ಯೆ ಮುಂದಿನ ಬಾಗಿಲಿನ ಬೀಗದಕೈ. ಆ ಎಂ.ಆರ್. (ಮ್ಯುಟೇಶನ್ ಪುಸ್ತಕದ ನಮೂದು) ನಕಲು ತೆಗೆಸಿದರೆ ಖಾತೆ ಕ್ರಯದಿಂದ ಬಂತೇ, ವಿಭಾಗದಿಂದ ಬಂತೇ, ಪೌತಿಯಿಂದ (ಖಾತೆದಾರರ ಮರಣದಿಂದ) ಬಂತೇ ಎಂಬುದು ತಿಳಿಯುತ್ತದೆ. ಪೌತಿಯಾದರೆ ಸತ್ತವರ ಹೆಸರೂ ವಾರಸುದಾರರ ಹೆಸರೂ ಒಂದೇ ಕಾಗದದಲ್ಲಿ ಸಿಕ್ಕಂತೆ.

ನೋಂದಾಯಿತ ಪತ್ರವಾದರೆ ಹೀಗೆ ಬರೆಯಿರಿ: "ಕ್ರಯಪತ್ರ, ದಸ್ತಾವೇಜು ಸಂಖ್ಯೆ 412/1921-22, ಪುಸ್ತಕ 1, ಸಂಪುಟ 87, ಪುಟ 112-114, ಉಪನೋಂದಣಾಧಿಕಾರಿ ಕಚೇರಿ, ಇಂಥ ಊರು. ದೃಢೀಕೃತ ನಕಲು, ಪಡೆದ ದಿನಾಂಕ ಇಂಥದು." ಸ್ಥಿರಾಸ್ತಿಯ ಪತ್ರಗಳು 1ನೇ ಪುಸ್ತಕದಲ್ಲೂ ಉಯಿಲುಗಳು 3ನೇ ಪುಸ್ತಕದಲ್ಲೂ ದಾಖಲಾಗುತ್ತವೆ. ಹಾಗಾಗಿ ಪುಸ್ತಕದ ಸಂಖ್ಯೆ ಬಿಟ್ಟರೆ ಮುಂದೆ ಹುಡುಕುವವರು ದಾರಿ ತಪ್ಪುತ್ತಾರೆ. ವಿಭಾಗಪತ್ರವನ್ನಂತೂ ಬಿಡಬೇಡಿ. ಯಾರಿಗೆ ಯಾವ ಪಾಲು ಎಂದು ಬರೆಯುವ ಮೊದಲು ಯಾರು ಯಾರ ಮಗ ಎಂದು ಬರೆಯದೆ ಅದು ಮುಂದೆ ಹೋಗುವುದೇ ಇಲ್ಲ. ಗೇಣಿ ಮಾಡುತ್ತಿದ್ದ ಮನೆತನವಾದರೆ 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿದಾರರು ಭೂಮಿಯ ಹಕ್ಕಿಗಾಗಿ ಸಲ್ಲಿಸಿದ ಫಾರಂ ನಂಬರ್ 7 ಮತ್ತು ಭೂ ನ್ಯಾಯಮಂಡಳಿಯ ಆದೇಶ ಹುಡುಕಿ. ಎಷ್ಟು ಕಾಲದಿಂದ, ಯಾರ ಕೈಯಿಂದ ಯಾರ ಕೈಗೆ ಸಾಗುವಳಿ ಬಂತು ಎಂಬ ಹೇಳಿಕೆಗಳು ಅಂಥ ಕಡತಗಳಲ್ಲಿ ಸಿಗುತ್ತವೆ.

ನಾಡಕಚೇರಿ ಕೊಡುವ ವಂಶವೃಕ್ಷದ ಬಗ್ಗೆ ಒಂದು ಎಚ್ಚರಿಕೆ. ಮೊಹರು, ಸಹಿ ಕಂಡು ಅದೇ ಪರಮಪ್ರಮಾಣ ಎಂದುಕೊಳ್ಳುವವರು ಬಹಳ. ಅದು ಅರ್ಜಿದಾರರು ಪ್ರಮಾಣಪತ್ರದೊಂದಿಗೆ ಕೊಟ್ಟ ಮಾಹಿತಿ ಮತ್ತು ಸ್ಥಳೀಯ ವಿಚಾರಣೆಯ ಮೇಲೆ ನಿಂತ ಕಾಗದ. ಹತ್ತಿರದ ಎರಡು ಮೂರು ತಲೆಮಾರಿಗೆ ಸರಿ, ಅದರಾಚೆಗೆ ಅದು ಅರ್ಜಿದಾರರ ನೆನಪೇ. ಆಸ್ತಿಗಾಗಿ ಬರೆಸಿದ ಹಳೆಯ ವಂಶವೃಕ್ಷಗಳಲ್ಲಿ ಹೆಣ್ಣುಮಕ್ಕಳನ್ನು ಕೈಬಿಡುವುದೂ ಸಾಮಾನ್ಯವಾಗಿತ್ತು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹಕ್ಕು ಬಂದದ್ದು ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ, ದೇಶಕ್ಕೆಲ್ಲ 2005ರಲ್ಲಿ. ಆದ್ದರಿಂದ ಹಳೆಯ ಕಾಗದದಲ್ಲಿ ಗಂಡುಮಕ್ಕಳೇ ಕಂಡರೆ "ಹೆಣ್ಣುಮಕ್ಕಳಿರಲಿಲ್ಲ" ಎಂದು ಬರೆಯಬೇಡಿ, "ಈ ದಾಖಲೆಯಲ್ಲಿ ಹೆಣ್ಣುಮಕ್ಕಳ ಉಲ್ಲೇಖವಿಲ್ಲ" ಎಂದು ಬರೆಯಿರಿ.

ಬಾಯಿಮಾತೂ ಆಧಾರವೇ, ಅದಕ್ಕೂ ವಿಳಾಸ ಬೇಕು. ಹೇಳಿದವರು ಯಾರು, ಆಗ ಅವರ ವಯಸ್ಸೆಷ್ಟು, ಎಂದು ಹೇಳಿದರು, ಕಣ್ಣಾರೆ ಕಂಡದ್ದೇ, ಕೇಳಿದ್ದೇ, ಧ್ವನಿಮುದ್ರಣ ಇದೆಯೇ? ಎತ್ತಿನ ಮೇಲೆ ಗಂಟೆ ಕಟ್ಟಿಕೊಂಡು ಒಕ್ಕಲುಮನೆಗಳಿಗೆ ಬಂದು ಪೀಳಿಗೆ ಹೇಳುವ ಹೆಳವರಿಂದ ಮಾಹಿತಿ ಪಡೆದಿದ್ದರೆ ಇನ್ನೂ ಎರಡು ಸಂಗತಿ ಸೇರಿಸಿ: ಪುಸ್ತಕ ನೋಡಿ ಓದಿದರೋ ಬಾಯಿಪಾಠವೋ, ಆ ಪುಸ್ತಕ ಮೂಲವೋ ಜೀರ್ಣವಾದದ್ದನ್ನು ನೋಡಿ ಮತ್ತೆ ಬರೆದದ್ದೋ. ನನ್ನ ಅಂದಾಜಿನಲ್ಲಿ ಹೆಳವರು ಬಂದಾಗಲೆಲ್ಲ ಹೊಸದಾಗಿ ಸೇರಿಸಿಕೊಂಡ ಹೆಸರುಗಳು ನಂಬಲರ್ಹ. ಮೂಲಪುರುಷನ ವೈಭವದ ಭಾಗದಲ್ಲಿ ಕಾಣಿಕೆ ಕೊಡುವ ಒಕ್ಕಲನ್ನು ಸಂತೋಷಪಡಿಸುವ ಕೆಲಸವೂ ಇರುತ್ತದೆ. ಅದನ್ನು ಪರಂಪರೆಯ ಕಥನವೆಂದೇ ದಾಖಲಿಸಿ. ಕಾಶಿ, ಗಯೆಗಳ ಪಂಡಾಗಳ (ತೀರ್ಥಪುರೋಹಿತರ) ವಹಿಗಳಲ್ಲಿ ಯಾತ್ರಿಕರೇ ಬರೆಸಿದ ನಮೂದುಗಳಿಗೆ ಬೆಲೆ ಹೆಚ್ಚು, ಬರೆಸಿದವರು ತಮ್ಮ ತಂದೆ, ಅಜ್ಜಂದಿರ ಹೆಸರನ್ನು ಬಲ್ಲವರು.

ಹಂತ 4: ಕಾಲವನ್ನು ಎರಡು ಸಲ ಬರೆಯಿರಿ

ಮೂಲದಲ್ಲಿ ಇದ್ದಂತೆ ಒಮ್ಮೆ, ಇಸವಿಗೆ ಪರಿವರ್ತಿಸಿ ಇನ್ನೊಮ್ಮೆ. ಮೂಲವನ್ನು ಅಳಿಸಿ ಬರಿಯ ಇಸವಿ ಕೊಟ್ಟರೆ ನಿಮ್ಮ ಲೆಕ್ಕದ ತಪ್ಪನ್ನು ಯಾರೂ ಹಿಡಿಯಲಾರರು.

ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. "ಅಜ್ಜ ಹುಟ್ಟಿದ್ದು ಧಾತು ಸಂವತ್ಸರದಲ್ಲಿ" ಎಂದರೆ 1876-77 ಇರಬಹುದು, 1936-37 ಇರಬಹುದು. ಜೊತೆಗೆ "ಬರದ ವರ್ಷ" ಎಂಬ ಮಾತು ಬಂದರೆ ಮೊದಲನೆಯದರ ಕಡೆಗೆ ತಕ್ಕಡಿ ವಾಲುತ್ತದೆ. ಮೈಸೂರು ಸೀಮೆಯನ್ನು ಹಿಂಡಿದ ಧಾತು-ಈಶ್ವರ ಬರಗಾಲ 1876-78ರದು. ಆದರೂ ಆ ಅಜ್ಜನ ಮಕ್ಕಳ ವಯಸ್ಸಿನೊಂದಿಗೆ ತಾಳೆ ನೋಡದೆ ಬರೆಯಬೇಡಿ. 1898ರ ಪ್ಲೇಗು, 1918ರ ಇನ್‌ಫ್ಲುಯೆಂಜಾಗಳೂ ಹೀಗೆಯೇ ನೆನಪಿನ ಮೈಲಿಗಲ್ಲುಗಳು.

ಸಂವತ್ಸರ ಬದಲಾಗುವುದು ಯುಗಾದಿಗೆ. ಪಾರ್ಥಿವ ಸಂವತ್ಸರ 1945-46ರದು. ಅದರ ಮಾಘ ಮಾಸದಲ್ಲಿ ಮದುವೆಯಾಗಿದ್ದರೆ ಇಸವಿ 1946, 1945 ಅಲ್ಲ. ಕಂದಾಯ ದಾಖಲೆಗಳ ಫಸಲಿ ವರ್ಷಕ್ಕೆ 590 ಕೂಡಿಸಬೇಕು. ಫಸಲಿ 1350 ಎಂದರೆ 1940-41. ಅದು ಜನವರಿಯಲ್ಲಿ ಆರಂಭವಾಗುವುದಿಲ್ಲ, ಹಾಗಾಗಿ ಎರಡು ಇಸವಿಗಳನ್ನೂ ಬರೆಯಿರಿ. ಶಾಲೆಯ ಪುಸ್ತಕದಲ್ಲಿ ಹಿರಿಯರ ಜನ್ಮದಿನಾಂಕ ಜೂನ್ 1 ಎಂದು ಕಂಡರೆ ಹಬ್ಬ ಮಾಡಬೇಡಿ. ಶಾಲೆಗೆ ಸೇರಿಸುವ ವಯಸ್ಸು ಹೊಂದಿಸಲು ಮೇಷ್ಟರು ಹಾಕಿದ ದಿನಾಂಕ ಅದಾಗಿರುವ ಸಾಧ್ಯತೆ ಹೆಚ್ಚು.

ಊರಿಗೂ ಇದೇ ನಿಯಮ. ಇಂದಿನ ಗದಗ, ಹಾವೇರಿ ಜಿಲ್ಲೆಗಳು 1997ರವರೆಗೆ ಧಾರವಾಡ ಜಿಲ್ಲೆಯೊಳಗಿದ್ದವು. ಬಳ್ಳಾರಿ 1953ರವರೆಗೆ ಮದ್ರಾಸಿನದು. ಬೀದರ್, ರಾಯಚೂರು, ಕಲಬುರಗಿ 1956ರ ನವೆಂಬರ್ 1ರವರೆಗೆ ಹೈದರಾಬಾದಿನವು. ದಾಖಲೆ ಯಾವ ಆಡಳಿತದ್ದು ಎಂಬುದರ ಮೇಲೆ ಅದು ಎಲ್ಲಿದೆ, ಯಾವ ಲಿಪಿಯಲ್ಲಿದೆ ಎಂಬುದೂ ನಿಂತಿದೆ. ಮುಂಬಯಿ ಕರ್ನಾಟಕದಲ್ಲಿ ಮೋಡಿ (ಮರಾಠಿಯ ಹಳೆಯ ಲಿಪಿ), ನಿಜಾಮರ ಸೀಮೆಯಲ್ಲಿ ಉರ್ದು, ಫಾರಸಿ ಕಾಗದಗಳು ಸಿಗುತ್ತವೆ. ಓದಿಕೊಟ್ಟವರು ಬೇರೆಯವರಾದರೆ ಅದನ್ನೂ ನಮೂದಿಸಿ.

ಹಂತ 5: ಹೆಸರನ್ನು ತಿದ್ದಬೇಡಿ, ಸಂಖ್ಯೆ ಕೊಡಿ

ದಾಖಲೆಯಲ್ಲಿ "ತಿಮ್ಮೆಗೌಡ ಬಿನ್ ಲೇಟ್ ಕೆಂಪೆಗೌಡ" ಎಂದಿದ್ದರೆ ಉದ್ಧರಣೆಯಲ್ಲಿ ಹಾಗೆಯೇ ಇರಲಿ, ಕಾಗುಣಿತ ತಿದ್ದಬೇಡಿ. "ಬಿನ್" (ಇಂಥವರ ಮಗ), "ಕೋಂ" (ಇಂಥವರ ಹೆಂಡತಿ), "ಉರುಫ್" (ಇನ್ನೊಂದು ಹೆಸರು) ಎಂಬ ಸಣ್ಣ ಪದಗಳನ್ನು ಬಿಟ್ಟರೆ ಸಂಬಂಧವೇ ಕಳಚಿಹೋಗುತ್ತದೆ. ನಿಮ್ಮ ಮಾತಿನಲ್ಲಿ ಬರೆಯುವಾಗ ಒಂದು ರೂಪವನ್ನು ಆರಿಸಿಕೊಂಡು ಅದನ್ನೇ ಬಳಸಿ. ಮದುವೆಯಲ್ಲಿ ಹೆಸರು ಬದಲಿಸುವ ಪದ್ಧತಿಯ ಮನೆಯಾದರೆ ಹೆಣ್ಣುಮಕ್ಕಳ ತವರಿನ ಹೆಸರನ್ನೂ ಹುಡುಕಿ ಕೊಡಿ.

ಒಂದೇ ಹೆಸರಿನವರನ್ನು ಬೇರ್ಪಡಿಸಲು ಸಂಖ್ಯೆಗಿಂತ ಒಳ್ಳೆಯ ಉಪಾಯವಿಲ್ಲ. ಮೂಲಪುರುಷನಿಂದ ಕೆಳಗಿಳಿಯುವ ವರದಿಗೆ ದಶಾಂಶದಂಥ ಕ್ರಮ ಸುಲಭ: ಮೂಲಪುರುಷ 1, ಅವನ ಮಕ್ಕಳು 1.1, 1.2, ಎರಡನೆಯವನ ಮೂರನೆಯ ಮಗು 1.2.3. ನಿಮ್ಮಿಂದ ಮೇಲಕ್ಕೆ ಹೋಗುವ ವರದಿಗೆ 1590ರಲ್ಲಿ ಆಸ್ಟ್ರಿಯದ ಮೈಕೇಲ್ ಐಟ್ಸಿಂಗರ್ ಬಳಸಿದ ಕ್ರಮ ಇಂದಿಗೂ ಸಾಟಿಯಿಲ್ಲದ್ದು. ನೀವು 1. ಯಾರದೇ ತಂದೆಯ ಸಂಖ್ಯೆ ಅವರ ಸಂಖ್ಯೆಯ ಎರಡರಷ್ಟು, ತಾಯಿಯದು ಎರಡರಷ್ಟಕ್ಕೆ ಒಂದು ಹೆಚ್ಚು. 13 ಎಂದರೆ ತಾಯಿಯ ತಂದೆಯ ತಾಯಿ, ನಕ್ಷೆ ನೋಡದೆಯೇ ಹೇಳಬಹುದು. ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ಬಳಿ (ಕುಲ) ನಡೆಯುವುದು ತಾಯಿಯ ಕಡೆಯಿಂದ, ಅಂದರೆ 1, 3, 7, 15, 31ರ ಸಾಲು. ಅಲ್ಲಿ ತಂದೆಯ ಸಾಲನ್ನು ಹಿಡಿದು ಹೊರಟ ವರದಿ ಕುಟುಂಬದ ಆಸ್ತಿಯನ್ನಾಗಲಿ ಯಜಮಾನಿಕೆಯನ್ನಾಗಲಿ ವಿವರಿಸಲಾರದು.

ಹಂತ 6: ವಿರೋಧವನ್ನು ಬಚ್ಚಿಡದೆ ಬಿಡಿಸಿ

ನಮ್ಮ ಮಾದರಿಗೆ ಮರಳೋಣ. 1921ರ ಕ್ರಯಪತ್ರದಲ್ಲಿ ಜಮೀನು ಕೊಂಡವನು "ತಿಮ್ಮೆಗೌಡ ಬಿನ್ ಕೆಂಪೆಗೌಡ". 1954ರ ಮ್ಯುಟೇಶನ್ ಪುಸ್ತಕದಲ್ಲಿ, ಸರ್ವೆ ನಂಬರ್ 48ರ ಎದುರು, "ತಿಮ್ಮೆಗೌಡ ಬಿನ್ ಚಿಕ್ಕೇಗೌಡ". ತಂದೆಯ ಹೆಸರು ಬೇರೆ. ಸಾಮಾನ್ಯ ವಂಶಾವಳಿ ಲೇಖಕರು ಇಲ್ಲಿ ಎರಡರಲ್ಲಿ ಒಂದನ್ನು ಮಾಡುತ್ತಾರೆ: ಒಂದು ದಾಖಲೆಯನ್ನು ಮರೆತುಬಿಡುತ್ತಾರೆ, ಇಲ್ಲವೇ "ಕೆಂಪೇಗೌಡ ಉರುಫ್ ಚಿಕ್ಕೇಗೌಡ" ಎಂದು ಇಬ್ಬರನ್ನೂ ಸೇರಿಸಿ ಹೊಸ ಮನುಷ್ಯನನ್ನು ಸೃಷ್ಟಿಸುತ್ತಾರೆ.

ಸಾಧ್ಯತೆಗಳನ್ನು ಮೊದಲು ಬರೆಯಿರಿ. ಇಬ್ಬರು ಬೇರೆ ತಿಮ್ಮೇಗೌಡರು. ಒಬ್ಬನೇ, ದತ್ತು ಹೋದವನು. ಒಬ್ಬನೇ, ತಂದೆಗೆ ಎರಡು ಹೆಸರು. ಬರೆದವರ ಕೈತಪ್ಪು. ಆಮೇಲೆ ಒಂದೊಂದನ್ನೂ ಬೀಳಿಸುವ ಸಾಕ್ಷಿ ಹುಡುಕಿ. ಇಂಥಲ್ಲಿ ಕ್ರಯಪತ್ರದ ಕೊನೆಯ ಭಾಗ, ಯಾರೂ ಓದದ ಚಕ್ಕುಬಂದಿ (ಜಮೀನಿನ ಸುತ್ತಲಿನ ಎಲ್ಲೆಗಳ ವಿವರ), ಕೆಲಸಕ್ಕೆ ಬರುತ್ತದೆ. ಮಾದರಿಯ ಪತ್ರದಲ್ಲಿ ಹೀಗಿದೆ ಎಂದಿಟ್ಟುಕೊಳ್ಳಿ: "ಪೂರ್ವಕ್ಕೆ ಚಿಕ್ಕೇಗೌಡನ ಮಗ ತಿಮ್ಮೆಗೌಡನ ಜಮೀನು, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ." ತನ್ನ ಹೊಲಕ್ಕೆ ತಾನೇ ನೆರೆಯವನಾಗಿ, ಬೇರೆ ತಂದೆಯ ಹೆಸರಿನಲ್ಲಿ ಒಂದೇ ಪತ್ರದಲ್ಲಿ ಯಾರೂ ನಿಲ್ಲುವುದಿಲ್ಲ. 1921ರಲ್ಲಿ ಇಬ್ಬರು ತಿಮ್ಮೇಗೌಡರು ಅಕ್ಕಪಕ್ಕದ ಹೊಲದವರಾಗಿದ್ದರು. ಪೂರ್ವದ ಹೊಲವೇ ಸರ್ವೆ ನಂಬರ್ 48 ಎಂಬುದನ್ನು ಗ್ರಾಮನಕ್ಷೆಯಿಂದ ತೋರಿಸಿದರೆ ಸರಪಳಿಯ ಮುಖ್ಯ ಕೊಂಡಿ ಕೂಡಿತು.

ಇದನ್ನು ವರದಿಯಲ್ಲಿ ಬರೆಯುವ ಬಗೆ ಹೀಗೆ: "ಸರ್ವೆ ನಂಬರ್ 48ರ ತಿಮ್ಮೇಗೌಡರ ತಂದೆ ಚಿಕ್ಕೇಗೌಡ ಎಂಬುದು ಬಹುಮಟ್ಟಿಗೆ ಸರಿ. 1954ರ ಮ್ಯುಟೇಶನ್ ಹಾಗೆಂದು ನೇರವಾಗಿ ಹೇಳುತ್ತದೆ. 1921ರ ಕ್ರಯಪತ್ರದ ಕೆಂಪೇಗೌಡರ ಮಗ ಬೇರೆ ವ್ಯಕ್ತಿ, ಅದೇ ಪತ್ರದ ಚಕ್ಕುಬಂದಿ ಇಬ್ಬರನ್ನೂ ಪ್ರತ್ಯೇಕವಾಗಿ ಹೆಸರಿಸಿದೆ. 1921 ಮತ್ತು 1954ರ ನಡುವೆ ಈ ಹೊಲ ಅದೇ ಹೆಸರಿನ ಇನ್ನೊಬ್ಬರಿಗೆ ಹೋಗಿಲ್ಲ ಎಂಬುದಕ್ಕೆ ದಾಖಲೆ ಸಿಕ್ಕಿಲ್ಲವಾದ್ದರಿಂದ ಖಚಿತ ಎಂದು ಹೇಳುತ್ತಿಲ್ಲ." ಕೊನೆಯ ವಾಕ್ಯ ಬರೆಯಲು ಎದೆಗಾರಿಕೆ ಬೇಕು. ಮಿಕ್ಕ ವಾಕ್ಯಗಳನ್ನು ಓದುಗ ನಂಬುವುದು ಅದರಿಂದಲೇ.

ಸಾಕ್ಷ್ಯದ ತೂಕ ಅಳೆಯಲು ನಮ್ಮ ಕಾನೂನೇ ಒಂದು ಒಳ್ಳೆಯ ಅಳತೆಗೋಲು ಕೊಟ್ಟಿದೆ. 1872ರ ಸಾಕ್ಷ್ಯ ಅಧಿನಿಯಮದ 32(5)ನೇ ಪ್ರಕರಣದ ಪ್ರಕಾರ, ರಕ್ತಸಂಬಂಧ, ಮದುವೆ, ದತ್ತುಗಳ ವಿಷಯ ಬಲ್ಲವರು ತೀರಿಹೋಗಿದ್ದರೆ ಅವರ ಹೇಳಿಕೆ ಸ್ವೀಕಾರಾರ್ಹ, ಆದರೆ ವಿವಾದ ಹುಟ್ಟುವ ಮೊದಲೇ ಹೇಳಿದ್ದಾಗಿರಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾನೂನಿನಲ್ಲೂ ಈ ತತ್ತ್ವ ಉಳಿದಿದೆ. ಕೋರ್ಟಿಗೆ ಹೋಗದ ವರದಿಗೂ ಇದು ಅನ್ವಯಿಸುತ್ತದೆ. ಅಸಲು ದಾವೆಯ ವಾದಪತ್ರಕ್ಕೆ ಲಗತ್ತಿಸಿದ ವಂಶವೃಕ್ಷ ನೋಡಲು ಅಚ್ಚುಕಟ್ಟಾಗಿರುತ್ತದೆ, ಆದರೆ ಅದನ್ನು ಬರೆಸಿದವರಿಗೆ ಗೆಲ್ಲುವ ಆಸೆಯಿತ್ತು. ಪ್ರತಿವಾದಿಯ ಲಿಖಿತ ಹೇಳಿಕೆಯನ್ನೂ ತೀರ್ಪನ್ನೂ ಓದದೆ ಅದನ್ನು ಉದ್ಧರಿಸಬೇಡಿ. ಇಬ್ಬರೂ ಒಪ್ಪಿಕೊಂಡ ಭಾಗ ಮಾತ್ರ ಚಿನ್ನ.

ಹಂತ 7: ಸಿಗದೇ ಹೋದದ್ದನ್ನೂ ಬರೆಯಿರಿ

"1915ರಿಂದ 1930ರವರೆಗಿನ ಶಾಲಾ ದಾಖಲಾತಿ ಪುಸ್ತಕ ನೋಡಿದೆ, ಈ ಹೆಸರಿಲ್ಲ" ಎಂಬುದೂ ಫಲಿತಾಂಶವೇ. ಪುಸ್ತಕವೇ ಗೆದ್ದಲು ಹಿಡಿದು ಹೋಗಿದ್ದರೆ ಅದು ಬೇರೆ ಸಂಗತಿ, ಬೇರೆಯಾಗಿ ಬರೆಯಿರಿ. ಹುಡುಕಾಟದ ಪಟ್ಟಿಯನ್ನು ಅನುಬಂಧದಲ್ಲಿ ಕೋಷ್ಟಕವಾಗಿ ಕೊಟ್ಟರೆ ಸಾಕು: ದಿನಾಂಕ, ಸ್ಥಳ, ದಾಖಲೆ, ಅವಧಿ, ಹುಡುಕಿದ ಹೆಸರಿನ ರೂಪಗಳು, ಫಲಿತಾಂಶ.

ಹಂತ 8: ಪುಟದ ಅಂದ

ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯ ನುಡಿ, ಬರಹ ಫಾಂಟುಗಳ ಆಸ್ಕಿ ಕಡತವನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಅದರಲ್ಲಿ ಒಂದು ಹೆಸರನ್ನೂ ಹುಡುಕಲಾಗದು. ಆಧಾರಗಳನ್ನು ಆಯಾ ಪುಟದ ಅಡಿಟಿಪ್ಪಣಿಯಲ್ಲಿಡಿ. ವರದಿಯ ಕೊನೆಗೆ ದೂಡಿದರೆ ಯಾರೂ ತಿರುವಿ ನೋಡುವುದಿಲ್ಲ. ಅಕ್ಷರ 12 ಪಾಯಿಂಟ್, ಸಾಲುಗಳ ನಡುವೆ ಒತ್ತಕ್ಷರಗಳು ಉಸಿರಾಡುವಷ್ಟು ಜಾಗ. ಒಂದು ನಕ್ಷೆಯಲ್ಲಿ ನಾಲ್ಕು ತಲೆಮಾರಿಗಿಂತ ಹೆಚ್ಚು ಬೇಡ. ಖಚಿತ ಸಂಬಂಧಕ್ಕೆ ಪೂರ್ಣ ಗೆರೆ, ಉಳಿದದ್ದಕ್ಕೆ ಚುಕ್ಕೆ ಗೆರೆ. ನಕ್ಷೆಯನ್ನು ಮಾತ್ರ ಫೋಟೊ ತೆಗೆದು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವವರು ಇದ್ದೇ ಇರುತ್ತಾರೆ. ಚುಕ್ಕೆ ಗೆರೆಯಾದರೂ ಜೊತೆಗೆ ಹೋಗಲಿ.

ದಾಖಲೆಯ ಚಿತ್ರಗಳಿಗೆ "ಚಿತ್ರ 0457" ಎಂಬ ಹೆಸರು ಬಿಟ್ಟು "1921-ಕ್ರಯಪತ್ರ-412-ಪುಟ112" ಎಂದಿಡಿ. ಅಡಿಟಿಪ್ಪಣಿಯಲ್ಲೂ ಅದೇ ಹೆಸರು ಬರಲಿ.

ಹಂತ 9: ಬದುಕಿರುವವರ ವಿಷಯ

ಬದುಕಿರುವವರ ಜನ್ಮದಿನಾಂಕ, ವಿಳಾಸ, ಮೊಬೈಲ್, ಆಧಾರ್ ಸಂಖ್ಯೆ ವರದಿಯಲ್ಲಿ ಬೇಡ. ಲಗತ್ತಿಸುವ ನಕಲುಗಳಲ್ಲೂ ಮಸಿ ಬಳಿಯಿರಿ. ದತ್ತು, ಎರಡನೇ ಸಂಸಾರ, ಬಿಟ್ಟುಹೋದ ಮದುವೆ ಮುಂತಾದವು ಬಂದಾಗ ಸತ್ಯವನ್ನು ತಿರುಚಬೇಡಿ. ಆದರೆ ಸಂಬಂಧಪಟ್ಟವರಿಗೆ ಮೊದಲೇ ತೋರಿಸಿ, ಎರಡು ಪ್ರತಿ ಮಾಡಿ: ಮನೆಯವರಿಗೆ ಪೂರ್ಣ ಪ್ರತಿ, ಹೊರಗಿನವರಿಗೆ ಬದುಕಿರುವವರನ್ನು ಬಿಟ್ಟ ಪ್ರತಿ. ಆಸ್ತಿ ವ್ಯಾಜ್ಯ ನಡೆಯುತ್ತಿದ್ದರೆ ವಕೀಲರನ್ನು ಕೇಳದೆ ಯಾವ ಪ್ರತಿಯನ್ನೂ ಹಂಚಬೇಡಿ.

ಕೊನೆಯ ಪುಟದಲ್ಲಿ ಮುಂದಿನ ಕೆಲಸಗಳನ್ನು, ಫಲ ಕೊಡುವ ಸಾಧ್ಯತೆಯ ಕ್ರಮದಲ್ಲಿ ಪಟ್ಟಿ ಮಾಡಿ. ನಮ್ಮ ಮಾದರಿಯಲ್ಲಿ ಮೊದಲನೆಯದು 1921ರಿಂದ 1954ರವರೆಗೆ ಸರ್ವೆ ನಂಬರ್ 48ರ ನೋಂದಾಯಿತ ಪತ್ರಗಳ ಶೋಧ, ಎರಡನೆಯದು ಚಿಕ್ಕೇಗೌಡರ ಹೆಸರಿನ ಹಳೆಯ ಖಾತೆ. ಪ್ರತಿ ಪುಟದ ಅಡಿಯಲ್ಲಿ ಆವೃತ್ತಿಯ ಸಂಖ್ಯೆ, ದಿನಾಂಕ ಇರಲಿ. ಹೊಸ ದಾಖಲೆ ಸಿಕ್ಕಿ ತೀರ್ಮಾನ ಬದಲಾದರೆ ಹೊಸ ಆವೃತ್ತಿ ಹೊರಡಿಸಿ, ಏನು ಬದಲಾಯಿತು, ಯಾವ ದಾಖಲೆಯಿಂದ ಬದಲಾಯಿತು ಎಂಬುದನ್ನು ಅದರ ಮೊದಲ ಪುಟದಲ್ಲೇ ಬರೆಯಿರಿ.